ಬಾಯಿ ಮುಚ್ಚದ ಕೊಕ್ಕರೆ ನೋಡಲು ರಂಗನತಿಟ್ಟಿಗೆ

ಮಾರ್ಚ್ ತಿಂಗಳ ಒಂದು ಭಾನುವಾರ. ಅಣ್ಣನ ಮಗ ಮೈಸೂರಿಗೆ ಬಂದಿದ್ದ. ಏಳನೇ ಕ್ಲಾಸು. ಅರಮನೆ, ಝೂ ಎಲ್ಲ ಆಗಿತ್ತು. "ಅತ್ತೆ, ರಂಗನತಿಟ್ಟಿಗೆ ಹೋಗೋಣ್ವಾ?" ಅಂದ. ನನಗೆ ಅಷ್ಟೇ ಸಾಕಿತ್ತು. ಬೆಳಿಗ್ಗೆಯೇ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆವು, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ನಾಲೆ, ಭತ್ತದ ಗದ್ದೆ, ಕಬ್ಬು.

17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ್ ಕಾವೇರಿಗೆ ಅಣೆ ಕಟ್ಟಿಸಿದರು. ಅದರಿಂದ ನೀರು ನಿಂತು ನದಿಯ ನಡುವೆ ಈ ತಿಟ್ಟುಗಳಾದವು, ಅಂದರೆ ಪುಟ್ಟ ನಡುಗಡ್ಡೆಗಳು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ, ಇದನ್ನು ಕಾಪಾಡಬೇಕು ಅಂದರು. ಆ ವರ್ಷವೇ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಣೆ ಕಟ್ಟಿದ್ದು ಗದ್ದೆಗೆ ನೀರು ಹಾಯಿಸಲು. ಹಕ್ಕಿಗಳು ಆ ಗದ್ದೆಯಲ್ಲಿ ಉಂಡು, ಈ ತಿಟ್ಟಿನಲ್ಲಿ ಮಲಗುತ್ತವೆ. ಎಷ್ಟು ಚೆಂದದ ಹೊಂದಾಣಿಕೆ ಅಲ್ವಾ!

ದೋಣಿಗೆ ಹುಟ್ಟು ಹಾಕುವ ಅಣ್ಣ ಕೂತ ತಕ್ಷಣ ಹೇಳಿದರು: "ಎದ್ದು ನಿಂತ್ಕಬೇಡಿ, ಕೈ ನೀರಿಗೆ ಬುಡಬೇಡಿ." ಯಾಕೆ ಅಂತ ಹತ್ತು ನಿಮಿಷದಲ್ಲೇ ಗೊತ್ತಾಯಿತು. ಅದಕ್ಕೂ ಮೊದಲು ನಾನು ಕಾಯುತ್ತಿದ್ದ ಹಕ್ಕಿ ಸಿಕ್ಕಿತು.

ಒಂದು ತಿಟ್ಟಿನ ಅಂಚಿನಲ್ಲಿ, ಆಳವಿಲ್ಲದ ನೀರಿನಲ್ಲಿ ಬಾಯ್ಕಳಕ ಕೊಕ್ಕರೆ ನಿಂತಿತ್ತು. ಬೂದು ಬಿಳಿ ಮೈ, ಕಪ್ಪು ರೆಕ್ಕೆಯಂಚು. ಕೊಕ್ಕಿನ ತುದಿ ಕೂಡಿದೆ, ಬುಡ ಕೂಡಿದೆ, ನಡುವೆ ಮಾತ್ರ ಅರ್ಧ ಸೆಂಟಿಮೀಟರಿನಷ್ಟು ಸಂದು. ಆ ಸಂದಿನಲ್ಲಿ ಆಚೆಯ ನೀರಿನ ಹೊಳಪು ಕಾಣುತ್ತಿತ್ತು.

"ಅದ್ರ ಬಾಯಿ ಯಾಕೆ ಮುಚ್ಚಲ್ಲ ಅತ್ತೆ? ಮುರಿದೋಗಿದ್ಯಾ?"

"ಸುಮ್ನೆ ನೋಡ್ತಾ ಇರು" ಅಂದೆ. ಅಣ್ಣ ಹುಟ್ಟು ಎತ್ತಿ ದೋಣಿ ನಿಲ್ಲಿಸಿದರು. ಹಕ್ಕಿ ಕೊಕ್ಕು ನೀರಿಗಿಳಿಸಿತು. ತಲೆ ಸಣ್ಣಗೆ ಅಲುಗಿತು, ಕತ್ತಲಲ್ಲಿ ಬೀಗಕ್ಕೆ ಕೀಲಿಕೈ ಹಾಕಿ ತಡಕುವ ಹಾಗೆ. ಸ್ವಲ್ಪ ಹೊತ್ತು ಹಾಗೇ. ಆಮೇಲೆ ಕತ್ತೆತ್ತಿತು. ಕೊಕ್ಕಿನ ತುದಿಯಲ್ಲಿ ಮೆತ್ತಗಿನ ಮಾಂಸದ ತುಣುಕು ಒಂದೇ ಸಲಕ್ಕೆ ಗಂಟಲಿಗೆ ಹೋಯಿತು. ಚಿಪ್ಪು ನೀರಿನಲ್ಲೇ ಉಳಿಯಿತು.

ಅದರ ಮುಖ್ಯ ಊಟ ಗದ್ದೆಯ ಬಸವನಹುಳು. ಅಪಾಯ ಬಂದರೆ ಈ ಹುಳು ಒಳಗೆ ಸರಿದು, ಗಟ್ಟಿ ಮುಚ್ಚಳ ಎಳೆದುಕೊಳ್ಳುತ್ತದೆ. ಬೇರೆ ಕೊಕ್ಕರೆಗಳಿಗೆ ಅದೊಂದು ಕಲ್ಲು. ಬಾಯ್ಕಳಕ ಕೆಳಕೊಕ್ಕಿನ ಚೂಪು ತುದಿಯನ್ನು ಮುಚ್ಚಳದ ಅಂಚಿಗೆ ತೂರಿಸಿ, ಒಳಗಿನ ಸ್ನಾಯು ಕತ್ತರಿಸುತ್ತದೆ. ಚಿಪ್ಪು ಒಡೆಯುವ ಗೋಜೇ ಇಲ್ಲ. ಎಷ್ಟೋ ಹಕ್ಕಿಗಳಲ್ಲಿ ಆ ತುದಿ ತುಸು ಬಲಕ್ಕೆ ವಾಲಿರುತ್ತದೆ. ಈ ಹುಳುವಿನ ಚಿಪ್ಪಿನ ಸುರುಳಿ ಕೂಡ ಬಲಕ್ಕೇ ತಿರುಗುತ್ತದೆ. ಮರಿಗಳಿಗೆ ಈ ಸಂದು ಇರುವುದಿಲ್ಲ, ಬೆಳೆಯುತ್ತಾ ಕೊಕ್ಕು ಬಾಗಿಕೊಳ್ಳುತ್ತದೆ.

"ಹುಳು ತಿನ್ಬೇಕು ಅಂತ ಆಸೆಪಟ್ಟು ಕೊಕ್ಕು ಬಗ್ಗಿಸ್ಕೊಂಡ್ತಾ?"

ಈ ಪ್ರಶ್ನೆಗೆ ನನಗೆ ನಮ್ಮ ಬಂಡೂರು ಕುರಿ ನೆನಪಾಯಿತು. ಅವನ ತಾಯಿಯ ತವರು ಮಳವಳ್ಳಿ ಕಡೆ, ಅವನು ಆ ಕುರಿ ಕಂಡವನೇ. ಗಿಡ್ಡ ಕಾಲು, ಪೀಪಾಯಿಯಂಥ ಮೈ. ಕುರಿ ಆಸೆಪಟ್ಟು ಹಾಗಾಗಲಿಲ್ಲ. ಪ್ರತಿ ಸಲ ಹುಟ್ಟಿದ ಮರಿಗಳಲ್ಲಿ ಮೈ ತುಂಬಿದ್ದನ್ನು ಕುರಿಗಾರರು ತಳಿಗೆ ಉಳಿಸಿಕೊಂಡರು. ತಲೆಮಾರು ಕಳೆದಂತೆ ಹಿಂಡಿನ ಆಕಾರವೇ ಬದಲಾಯಿತು. ಇಲ್ಲಿ ಆರಿಸುವ ಕುರಿಗಾರ ಇಲ್ಲ. ಹುಳುವಿನ ಮುಚ್ಚಳವೇ ಆರಿಸಿತು. ಕೊಕ್ಕು ತುಸು ಸರಿಹೊಂದಿದ ಹಕ್ಕಿಗೆ ಊಟ ಜಾಸ್ತಿ ಸಿಕ್ಕಿತು, ಮರಿ ಜಾಸ್ತಿ ಬದುಕಿದವು. ಆ ಮರಿಗಳಿಗೂ ಅಂಥದೇ ಕೊಕ್ಕು. ಎಣಿಸಲಾಗದಷ್ಟು ತಲೆಮಾರು ಹೀಗೇ ನಡೆದಿದೆ. "ಕತ್ತು ಚಾಚಿ ಚಾಚಿ ಜಿರಾಫೆಗೆ ಕತ್ತು ಉದ್ದವಾಯಿತು" ಅಂತ ನಾವು ಮಕ್ಕಳಿಗೆ ಈಗಲೂ ಹೇಳುತ್ತೇವೆ. ದಯವಿಟ್ಟು ಹಾಗೆ ಹೇಳಬೇಡಿ.

ದೋಣಿ ಮುಂದೆ ಹೋಯಿತು. ಚಮಚದ ಕೊಕ್ಕಿನ ಹಕ್ಕಿ ಕೆಸರು ನೀರನ್ನು ಎಡಕ್ಕೂ ಬಲಕ್ಕೂ ಗುಡಿಸುತ್ತಿತ್ತು. ಕೊಕ್ಕಿನೊಳಗಿನ ನರಗಳಿಗೆ ಮೀನು ತಾಗಿದರೆ ಸಾಕು, ಕಣ್ಣಿನ ಕೆಲಸವೇ ಬೇಡ. ಬಂಡೆಯ ಮೇಲೆ ಹಾವಕ್ಕಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಬಾತುಕೋಳಿಯ ಗರಿಗೆ ನೀರು ಅಂಟುವುದಿಲ್ಲ, ಇದರ ಗರಿ ತೊಯ್ದು ತೊಪ್ಪೆಯಾಗುತ್ತದೆ. ಅದು ಕೊರತೆಯಲ್ಲ. ಗರಿಯಲ್ಲಿ ಗಾಳಿ ಉಳಿಯದ ಕಾರಣ ಮೈ ಸಲೀಸಾಗಿ ಮುಳುಗುತ್ತದೆ. ಆಮೇಲೆ ಬಿಸಿಲಿಗೆ ಒಣಗಿಸಲೇಬೇಕು, ಆ ಬೆಲೆ ತೆರಲೇಬೇಕು. ನನಗೆ ಇಂಥ ಕೊಡುಕೊಳ್ಳುವಿಕೆ ತುಂಬ ಇಷ್ಟ. ಯಾವ ಮೈಗೂ ಎಲ್ಲವೂ ಪುಕ್ಕಟೆ ಸಿಕ್ಕಿಲ್ಲ.

ಆಮೇಲೆ ಮೊಸಳೆ. ದೋಣಿಯಿಂದ ಎರಡು ಮಾರು ದೂರದ ಬಂಡೆ ಮೇಲೆ ಬಾಯಿ ಅಗಲಿಸಿ ಮಲಗಿತ್ತು. ಹುಡುಗ ನನ್ನ ಕೈ ಹಿಡಿದ. "ಹೆದರ್ಕಬೇಡ ಕಣಪ್ಪ, ಸೆಕೆಗೆ ಬಾಯ್ ಬುಟ್ಕಂಡದೆ" ಅಂದರು ಅಣ್ಣ. ಮಾತು ಸರಿ. ಮೊಸಳೆ ಬೆವರುವುದಿಲ್ಲ. ಬಾಯೊಳಗಿನ ತೇವ ಆರುವಾಗ ತಲೆಯ ಬಿಸಿ ಇಳಿಯುತ್ತದೆ. ಬೆಳಗಿನ ಬಿಸಿಲಲ್ಲಿ ಮೈ ಕಾಯಿಸಿಕೊಳ್ಳುತ್ತದೆ, ಜಾಸ್ತಿಯಾದರೆ ಬಾಯಿ ತೆರೆಯುತ್ತದೆ, ಇನ್ನೂ ಜಾಸ್ತಿಯಾದರೆ ನೀರಿಗಿಳಿಯುತ್ತದೆ. ನಮ್ಮ ಹಾಗೆ ಊಟ ಉರಿಸಿ ಮೈ ಬೆಚ್ಚಗಿಡುವ ಖರ್ಚಿಲ್ಲ. ಅದಕ್ಕೇ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಮೂಗಿನ ಹೊಳ್ಳೆ, ಕಣ್ಣು ಎಲ್ಲ ತಲೆಯ ಮೇಲ್ಭಾಗದಲ್ಲೇ ಇರುವುದರಿಂದ ಮೈಯೆಲ್ಲ ಮುಳುಗಿದ್ದರೂ ಉಸಿರಾಟಕ್ಕೆ ತೊಂದರೆ ಇಲ್ಲ. ಅದು ಬಾಯಿ ಮುಚ್ಚಿದ್ದು ನಾವು ದಾಟಿದ ಮೇಲೆ.

ವಾಪಸ್ ಬರುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಮರದ ತುದಿಯಲ್ಲಿ ಬಣ್ಣದ ಕೊಕ್ಕರೆಯೊಂದು ಸೂರ್ಯನಿಗೆ ಬೆನ್ನು ಕೊಟ್ಟು, ಅರ್ಧ ರೆಕ್ಕೆ ಹರಡಿ ನಿಂತಿತ್ತು. ರೆಕ್ಕೆಯ ನೆರಳಲ್ಲಿ ಎರಡು ಮರಿ. ಅದರ ಕಾಲು ಸುಣ್ಣ ಬಳಿದ ಹಾಗಿತ್ತು. ಗಲೀಜು ಅಂತ ಹುಡುಗ ಮೂಗು ಮುಚ್ಚಿದ. ಕೊಕ್ಕರೆಗಳು ಸೆಕೆಯಾದರೆ ತೆಳ್ಳಗಿನ ಹಿಕ್ಕೆಯನ್ನು ಕಾಲಿನ ಮೇಲೇ ಬಿಡುತ್ತವೆ. ಅದು ಆರುವಾಗ ಕಾಲಿನಲ್ಲಿ ಹರಿಯುವ ರಕ್ತ ತಣ್ಣಗಾಗುತ್ತದೆ. ಹೇಳಿದ ಮೇಲೆ ಮೂಗಿನಿಂದ ಕೈ ತೆಗೆದು, ಇನ್ನೊಂದು ಸಲ ನೋಡಿದ.

ಪಾಲಹಳ್ಳಿ ಕಡೆ ನಡೆದು ಬರುವಾಗ ಗದ್ದೆ ಬದುವಿನ ಮೇಲೆ ಖಾಲಿ ಚಿಪ್ಪೊಂದು ಬಿದ್ದಿತ್ತು. ಹಕ್ಕಿ ತಿಂದದ್ದೋ, ಹುಳು ತಾನೇ ಸತ್ತದ್ದೋ. ಅವನು ಕೆಸರು ಒರೆಸಿ, ಬಿಸಿಲಿಗೆ ಹಿಡಿದು ಸುತ್ತಲೂ ತಿರುಗಿಸಿದ.

"ಒಂದ್ ಬಿರುಕೂ ಇಲ್ಲ ಅತ್ತೆ. ಬಲಗಡೆಗೇ ತಿರುಗಿದೆ ನೋಡಿ."

ಬಸ್ಸಿನಲ್ಲಿ ಮೈಸೂರಿನವರೆಗೂ ಅದನ್ನು ಕಿವಿಗಿಟ್ಟುಕೊಂಡೇ ಕೂತಿದ್ದ.