ಬೇಡ ಅನ್ನುವುದಾದರೆ ಬರೆದುಕೊಡಿ

ಪಿಎಚ್.ಡಿ.ಗೆ ಸಿನಾಪ್ಸಿಸ್ (ಸಂಶೋಧನೆಯ ಪ್ರಸ್ತಾವ) ಬರೆಯುತ್ತಿರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದರೆ ಈಗೀಗ ಮೊದಲು ಕೇಳುವುದು ಒಂದೇ ಮಾತು: "ಸರ್, ಈ ಟಾಪಿಕ್ ತಗೊಂಡ್ರೆ ಏನಾದ್ರೂ ತೊಂದ್ರೆ ಆಗುತ್ತಾ?" ಆಕರ ಎಲ್ಲಿ ಸಿಗುತ್ತದೆ ಅನ್ನುವ ವಿಚಾರ ಆಮೇಲೆ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ.

ಅವರ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ದೆಹಲಿಯ ಸೌತ್ ಏಷ್ಯನ್ ಯೂನಿವರ್ಸಿಟಿ ಸಾರ್ಕ್‌ನ 8 ದೇಶಗಳು ಸೇರಿ ಕಟ್ಟಿದ ಸಂಸ್ಥೆ. ಕಾಶ್ಮೀರದ ಬಗ್ಗೆ ಸಂಶೋಧನೆಗೆ ಹೊರಟ ಅಲ್ಲಿನ ವಿದ್ಯಾರ್ಥಿಯೊಬ್ಬ, ಪ್ರಧಾನಿ ಮೋದಿಯವರನ್ನು ಟೀಕಿಸಿ ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಆಡಿದ ಮಾತನ್ನು ತನ್ನ ಪ್ರಸ್ತಾವದಲ್ಲಿ ಉಲ್ಲೇಖಿಸಿದ್ದ. 2024ರಲ್ಲಿ ಅವನಿಗೆ ನೋಟಿಸ್ ಬಂತು, ಅವನು ಕ್ಷಮೆ ಕೇಳಿದ. ಗೈಡ್ ಆಗಿದ್ದ ಶ್ರೀಲಂಕಾದ ಮಾನವಶಾಸ್ತ್ರಜ್ಞ ಸಸಂಕ ಪೆರೇರ ಅವರ ಮೇಲೂ ವಿಚಾರಣೆ ಶುರುವಾಗಿ, ಅವರು ರಾಜೀನಾಮೆ ಕೊಟ್ಟರು. ಅದಿನ್ನೂ ಬರೀ ಪ್ರಸ್ತಾವ! ವಾದ ಜಳ್ಳಾಗಿದ್ದರೆ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹಿಡಿದು ನಿಲ್ಲಿಸಿ ಕೇಳಬಹುದಿತ್ತು. ವೈವಾ ಇರುವುದೇ ಅದಕ್ಕೆ ತಾನೆ?

ಅದಕ್ಕೂ ಮುಂಚೆ, 2019ರಲ್ಲಿ, ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಸಂಶೋಧನೆಯ ವಿಷಯಗಳು 'ರಾಷ್ಟ್ರೀಯ ಆದ್ಯತೆ'ಗೆ ಹೊಂದಿರಬೇಕು ಎಂದು ಸುತ್ತೋಲೆ ಹೊರಡಿಸಿತ್ತು. ಪ್ರೊ. ಮೀನಾ ಟಿ. ಪಿಳ್ಳೈ ಅದನ್ನು ವಿರೋಧಿಸಿ ಅಲ್ಲಿನ ಅಧ್ಯಯನ ಮಂಡಳಿ ಬಿಟ್ಟು ಹೊರಬಂದರು. ಸುತ್ತೋಲೆಯನ್ನಾದರೂ ಎದುರಿಸಬಹುದು, ಅದಕ್ಕೆ ತಾರೀಖು ಇರುತ್ತದೆ, ಸಹಿ ಇರುತ್ತದೆ. ನಾನು ಕಂಡದ್ದೆಲ್ಲ ಬಾಯಿಮಾತಿನಲ್ಲೇ ಮುಗಿಯುವಂಥದ್ದು.

ನನ್ನ ಪಿಎಚ್.ಡಿ. ವಿಷಯ ಬಗರ್‌ಹುಕುಂ ಸಾಗುವಳಿ, ಅಂದರೆ ಸರ್ಕಾರಿ ಜಮೀನಿನಲ್ಲಿ ಮಂಜೂರಾತಿ ಇಲ್ಲದೆ ಮಾಡುವ ಬೇಸಾಯ. ಅಂಥ ಜಮೀನನ್ನು ಸಕ್ರಮ ಮಾಡಿಕೊಡಿ ಎಂದು ಅಪ್ಪ ನಮೂನೆ 50ರ ಅರ್ಜಿ ಹಾಕಿ ಕೊನೆಯವರೆಗೂ ತಾಲ್ಲೂಕು ಕಚೇರಿಗೆ ಅಲೆದವರು. ಅದೇ ಜಮೀನಿಗೆ ಅಣ್ಣ ಆಮೇಲೆ ನಮೂನೆ 57 ಹಾಕಿದ. ಸಕ್ರಮ ಮಾಡುವ ಸಮಿತಿಗೆ ಶಾಸಕರೇ ಅಧ್ಯಕ್ಷರು. ಯಾರ ಅರ್ಜಿ ಮಂಜೂರಾಯಿತು, ಯಾರದ್ದು ವಜಾ ಆಯಿತು ಅನ್ನುವುದನ್ನು ಆರ್‌ಟಿಐನಲ್ಲಿ ಪಡೆದ ನಡಾವಳಿ ಇಟ್ಟುಕೊಂಡು ನಾಲ್ಕನೇ ಅಧ್ಯಾಯ ಮಾಡಿದ್ದೆ. ನನ್ನ ಪಿಎಚ್.ಡಿ. ಕಮಿಟಿಯಲ್ಲಿದ್ದ ಹಿರಿಯರೊಬ್ಬರು ಪರಿವಿಡಿಯಲ್ಲಿ ಆ ಸಾಲಿನ ಪಕ್ಕ ಪೆನ್ಸಿಲಿನಿಂದ ಸಣ್ಣದೊಂದು ಗೀಟು ಎಳೆದರು. "ಇದೊಂದು ಬಿಟ್ಬಿಡಪ್ಪ, ಮಿಕ್ಕಿದ್ದೆಲ್ಲ ಚೆನ್ನಾಗಿದೆ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ, ನಾಳೆ ಕೆಲ್ಸ ಗಿಲ್ಸ ನೋಡ್ಬೇಕಲ್ಲ." ಗದರಲಿಲ್ಲ, ಹೆದರಿಸಲಿಲ್ಲ. ಮನೆಯ ಹಿರಿಯರು ಹೇಳುವ ಧಾಟಿಯಲ್ಲೇ ಹೇಳಿದರು. ಎದುರುತ್ತರ ಕೊಡುವುದಾದರೂ ಹೇಗೆ?

ನನ್ನ ಗೈಡ್ ಮೇಡಂ ಅಂದರು: "ಆಕ್ಷೇಪ ಇದ್ರೆ ಬರೆದುಕೊಡಿ ಸರ್, ನಾವು ಉತ್ತರ ಕೊಡ್ತೀವಿ." ಯಾರೂ ಬರೆದುಕೊಡಲಿಲ್ಲ. ಅಧ್ಯಾಯ ಉಳಿಯಿತು.

ಅಂಥ ಗೈಡ್ ಎಲ್ಲರಿಗೂ ಸಿಗುವುದಿಲ್ಲ. ಹಾಗಾದರೆ ಕಾನೂನು ಕಾಯುತ್ತದೆಯೇ? ಜರ್ಮನಿಯ ಸಂವಿಧಾನದ 5ನೇ ವಿಧಿಯಲ್ಲಿ ಸಂಶೋಧನೆ, ಬೋಧನೆ ಸ್ವತಂತ್ರ ಎಂದೇ ಬರೆದಿದೆ. ದಕ್ಷಿಣ ಆಫ್ರಿಕಾದ ಸಂವಿಧಾನ 16ನೇ ವಿಧಿಯಲ್ಲಿ ಶೈಕ್ಷಣಿಕ ಸ್ವಾತಂತ್ರ್ಯವನ್ನು ಹೆಸರಿಟ್ಟೇ ಹೇಳುತ್ತದೆ. ನಮಗಿರುವುದು 19(1)(ಎ), ಎಲ್ಲ ನಾಗರಿಕರಿಗೂ ಇರುವ ವಾಕ್ ಸ್ವಾತಂತ್ರ್ಯ. ಸಣ್ಣ ಹಕ್ಕಲ್ಲ ಅದು. ಆದರೆ ಅದನ್ನು ಕೇಳಿಕೊಂಡು ಹೈಕೋರ್ಟಿಗೆ ಹೋಗುವುದು ತಿಂಗಳಿಗೆ 8,000 ರೂಪಾಯಿಯ ನಾನ್-ನೆಟ್ (ನೆಟ್ ಪರೀಕ್ಷೆಯ ಫೆಲೋಶಿಪ್ ಸಿಗದವರ) ಫೆಲೋಶಿಪ್‌ನಲ್ಲಿ ಮೆಸ್ ಬಿಲ್ ಕಟ್ಟುವ ಹುಡುಗನಿಂದ ಆಗುವ ಕೆಲಸವೇ? ಪ್ರತಿಭಟಿಸೋಣವೆಂದರೆ ಅದಕ್ಕೂ ದಂಡ. 2023ರ ಜೆಎನ್‌ಯು ಪ್ರಾಕ್ಟರ್ (ಶಿಸ್ತು ನೋಡಿಕೊಳ್ಳುವ ಅಧಿಕಾರಿ) ಕೈಪಿಡಿಯಲ್ಲಿ, ತರಗತಿ ಕಟ್ಟಡದ 100 ಮೀಟರ್ ಒಳಗೆ ಧರಣಿ ಕೂತರೆ 20,000 ರೂಪಾಯಿವರೆಗೆ ದಂಡ ಎಂದಿತ್ತು. ಆ ಹುಡುಗನ ಲೆಕ್ಕದಲ್ಲಿ ಅದು ಎರಡೂವರೆ ತಿಂಗಳ ಬದುಕು.

ನಾನು ಕೇಳುವುದು ಚಿಕ್ಕದು. ಯುಜಿಸಿಯ 2022ರ ನಿಯಮದಂತೆ ಪ್ರತಿ ಸೆಮಿಸ್ಟರ್ ಸಂಶೋಧನಾರ್ಥಿ ಸಲಹಾ ಸಮಿತಿಯ ಮುಂದೆ ಹಾಜರಾಗಲೇಬೇಕು. ವಿಷಯವನ್ನೋ ಅಧ್ಯಾಯವನ್ನೋ ಉಲ್ಲೇಖವನ್ನೋ ಕೈಬಿಡಿ ಎನ್ನುವ ಸದಸ್ಯರು ಕಾರಣ ಬರೆದು ಸಹಿ ಹಾಕಲಿ, ಅದು ನಡಾವಳಿಗೆ ಸೇರಲಿ, ಅದರ ಒಂದು ನಕಲು ವಿದ್ಯಾರ್ಥಿಯ ಕೈಗೂ ಸಿಗಲಿ. ಕಾರಣ ಶಾಸ್ತ್ರೀಯವಾಗಿದ್ದರೆ ವಿದ್ಯಾರ್ಥಿ ಕಲಿಯುತ್ತಾನೆ. ಇಲ್ಲದಿದ್ದರೆ ಸಹಿ ಹಾಕುವ ಮುಂಚೆ ಯಾರಾದರೂ ಎರಡು ಸಲ ಯೋಚಿಸುತ್ತಾರೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಕುಲಸಚಿವರ ಒಂದು ಪುಟದ ಆದೇಶ ಸಾಕು. ಸಿಂಡಿಕೇಟ್ ಸದಸ್ಯರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಮುಂದಿನ ಸಭೆಯ ಅಜೆಂಡಾಕ್ಕೆ ಸೇರಿಸಿ.