ರಷ್ಡನ್ ಅಂಡ್ ಡೈಮಂಡ್ಸ್: ಇದೆಂಥ ಹೆಸರು ಮಾರಾಯ್ರೆ?

ಇಂಗ್ಲೆಂಡಿನ ಫುಟ್‌ಬಾಲ್ ಮಾತು ಬಂದಾಗ ನಿಮ್ಮ ತಂಡ ಯಾವುದು ಅಂತ ಕೇಳುತ್ತಾರೆ. ನಾನು ರಷ್ಡನ್ ಅಂಡ್ ಡೈಮಂಡ್ಸ್ ಅನ್ನುತ್ತೇನೆ. 'ಅದೇನು, ಒಡವೆ ಅಂಗಡಿಯಾ?' ಅಂತ ನಗುತ್ತಾರೆ. ಸ್ವಲ್ಪ ಗೊತ್ತಿದ್ದವರು ಮಾತ್ರ ಇನ್ನೊಂದು ಪ್ರಶ್ನೆ ಕೇಳುತ್ತಾರೆ: 'ಎರಡು ಕ್ಲಬ್ ಸೇರಿಸಿ ಮಾಡಿದ್ದಲ್ವಾ? ಹೊಂದಾಣಿಕೆ ಆಗದೆ ಮುಚ್ಚಿಹೋಯ್ತಾ?'

ಎರಡಕ್ಕೂ ಇಲ್ಲೇ ಉತ್ತರ ಬರೆದುಬಿಡುತ್ತೇನೆ.

ರಷ್ಡನ್, ಇರ್ತ್ಲಿಂಗ್‌ಬರೊ ಎರಡೂ ನಾರ್ಥಾಂಪ್ಟನ್‌ಶೈರಿನ ಸಣ್ಣ ಊರುಗಳು. ನಡುವೆ ಹತ್ತು ಕಿಲೋಮೀಟರ್ ಕೂಡ ಇಲ್ಲ. ಅದು ಬೂಟು ಹೊಲಿಯುವ ಸೀಮೆ. ಪಕ್ಕದ ನಾರ್ಥಾಂಪ್ಟನ್ ಟೌನ್ ತಂಡದ ಅಡ್ಡಹೆಸರೇ 'ಕಾಬ್ಲರ್ಸ್', ಅಂದರೆ ಬೂಟು ಹೊಲಿಯುವವರು. ರಷ್ಡನ್ ಟೌನ್ 1889ರ ಕ್ಲಬ್. ಇರ್ತ್ಲಿಂಗ್‌ಬರೊ ಡೈಮಂಡ್ಸ್ 1946ರದ್ದು. 1992ರಲ್ಲಿ ಎರಡೂ ಒಂದಾದವು. ಇಂಗ್ಲೆಂಡಿನ ಲೀಗುಗಳು ಏಣಿಯ ಮೆಟ್ಟಿಲುಗಳ ಹಾಗೆ, ಗೆದ್ದವರು ಮೇಲಕ್ಕೆ, ಸೋತವರು ಕೆಳಕ್ಕೆ. ಅದರಲ್ಲಿ ಏಳನೇ ಮೆಟ್ಟಿಲಾದ ಸದರ್ನ್ ಲೀಗಿನ ಜಾಗ ರಷ್ಡನ್‌ನಿಂದ ಬಂತು. ನೀನ್ ಪಾರ್ಕ್ ಮೈದಾನ ಡೈಮಂಡ್ಸ್‌ನಿಂದ ಬಂತು. ಹೆಸರಿನಲ್ಲೂ ಹಾಗೇ, ಅರ್ಧ ಅವರದ್ದು, ಅರ್ಧ ಇವರದ್ದು. ಊರು ರಷ್ಡನ್, ಆಟ ಇರ್ತ್ಲಿಂಗ್‌ಬರೊದಲ್ಲಿ.

ಸೇರಿಸಿದವರು ಮ್ಯಾಕ್ಸ್ ಗ್ರಿಗ್ಸ್. ಹಳದಿ ದಾರದ ಹೊಲಿಗೆಯ, ದಪ್ಪ ಅಡಿಯ ಡಾಕ್ಟರ್ ಮಾರ್ಟೆನ್ಸ್ ಬೂಟು ನೋಡಿದ್ದೀರಲ್ಲ, ಆ ಕಂಪನಿಯ ಧಣಿ. 1960ರ ಏಪ್ರಿಲ್ 1ರಂದು ಅಲ್ಲೇ ಹತ್ತಿರದ ವೊಲಾಸ್ಟನ್‌ನಲ್ಲಿ ಮೊದಲ ಜೋಡಿ ತಯಾರಾಗಿತ್ತು. ಬೂಟು ಹೋದಲ್ಲೆಲ್ಲ ದುಡ್ಡು ಬಂತು, ಆ ದುಡ್ಡು ನೀನ್ ಪಾರ್ಕಿಗೂ ಹರಿಯಿತು. ಆರು ಸಾವಿರ ಚಿಲ್ಲರೆ ಜನ ಹಿಡಿಸುವ ಮೈದಾನ ಎದ್ದು ನಿಂತಿತು. ಆ ಮಟ್ಟದ ಲೀಗಿನಲ್ಲಿ ಅದು ಸ್ವಲ್ಪ ಜಾಸ್ತಿಯೇ. ಬೇರೆ ಊರಿನವರಿಗೆ ಹೊಟ್ಟೆಯುರಿ ಇತ್ತು. ಇರಬೇಕಾದ್ದೇ ಬಿಡಿ.

1994ರಲ್ಲಿ ಒಂದು ಬಡ್ತಿ, 1996ರಲ್ಲಿ ಇನ್ನೊಂದು. 1999ರ ಜನವರಿಯಲ್ಲಿ ದೊಡ್ಡ ಸಣ್ಣ ತಂಡಗಳೆಲ್ಲ ಆಡುವ ಎಫ್‌ಎ ಕಪ್ಪಿನ ಮೂರನೇ ಸುತ್ತಿನಲ್ಲಿ, ಎಲ್ಲಕ್ಕಿಂತ ಮೇಲಿನ ಪ್ರೀಮಿಯರ್ ಲೀಗಿನ ಲೀಡ್ಸ್ ಯುನೈಟೆಡ್ ಈ ಸಣ್ಣ ಮೈದಾನಕ್ಕೆ ಬಂದು 0-0ಗೆ ತೃಪ್ತಿಪಟ್ಟು ಹೋಯಿತು. ಮರುಪಂದ್ಯದಲ್ಲಿ ಲೀಡ್ಸ್ 3-1ರಿಂದ ಗೆದ್ದಿತು ಅನ್ನೋದನ್ನ ನಾನು ಸಾಮಾನ್ಯವಾಗಿ ಮೆಲ್ಲಗೆ ಹೇಳುತ್ತೇನೆ. ಬ್ರಯಾನ್ ಟಾಲ್ಬಟ್ ಮ್ಯಾನೇಜರ್ ಆಗಿದ್ದ ಕಾಲ ಅದು. 2001ರಲ್ಲಿ ಐದನೇ ಮೆಟ್ಟಿಲಿನ ಲೀಗಾದ ಕಾನ್ಫರೆನ್ಸ್ ಗೆದ್ದು, ಅದರ ಮೇಲಿನ ಫುಟ್‌ಬಾಲ್ ಲೀಗಿಗೆ ಸೇರಿದರು. 2003ರ ಕೊನೆಯ ದಿನ ಪ್ರಶಸ್ತಿಗೆ ಪೈಪೋಟಿ ಕೊಡುತ್ತಿದ್ದ ಹಾರ್ಟ್ಲ್‌ಪೂಲ್ ತಂಡವೇ ನೀನ್ ಪಾರ್ಕಿಗೆ ಬಂತು. ಆಟ 1-1. ಅಷ್ಟು ಸಾಕಾಗಿತ್ತು. ಡಿವಿಷನ್ ತ್ರೀ ಚಾಂಪಿಯನ್. ಹೆಸರು ತ್ರೀ ಆದರೂ ಅದು ಆಗ ನಾಲ್ಕನೇ ಮೆಟ್ಟಿಲು. ಏಳನೇ ಮೆಟ್ಟಿಲಿನಿಂದ ಮೂರನೇ ಮೆಟ್ಟಿಲಿಗೆ, ಹನ್ನೊಂದೇ ವರ್ಷದಲ್ಲಿ.

ಈಗ ಎರಡನೇ ಪ್ರಶ್ನೆ, ಹೊಂದಾಣಿಕೆ ಆಗದೆ ಮುಚ್ಚಿತಾ ಅನ್ನೋದು. ಮುಳುಗಿಸಿದ್ದು ಎರಡು ಊರಿನ ಜಗಳವಲ್ಲ, ಒಂದೇ ಜೇಬಿನ ಮೇಲಿನ ಭಾರ. ಬೂಟಿನ ವ್ಯಾಪಾರ ಇಳಿಯಿತು. 2003ರಲ್ಲಿ ಕಂಪನಿ ಇಂಗ್ಲೆಂಡಿನ ತಯಾರಿಕೆಯ ಬಹುಪಾಲನ್ನು ನಿಲ್ಲಿಸಿ ಚೀನಾಕ್ಕೆ ಸಾಗಿಸಿತು. ಅಂದರೆ ಕ್ಲಬ್ ಕಪ್ ಎತ್ತಿದ ವರ್ಷವೇ. ಮರುವರ್ಷ ತಂಡ ಕೆಳಗಿಳಿಯಿತು. 2005ರಲ್ಲಿ ಗ್ರಿಗ್ಸ್ ಕ್ಲಬ್ಬನ್ನು ಅಭಿಮಾನಿಗಳ ಟ್ರಸ್ಟಿಗೆ ಒಪ್ಪಿಸಿದರು. ಆನೆ ಸಾಕುವುದನ್ನು ಮಾವುತನಿಗೇ ಬಿಟ್ಟ ಹಾಗೆ. 2006ರಲ್ಲಿ ಫುಟ್‌ಬಾಲ್ ಲೀಗಿನಿಂದಲೇ ಹೊರಗೆ. 2011ರ ಜೂನಿನಲ್ಲಿ, ಸಾಲದ ಕಾರಣಕ್ಕೆ ಕಾನ್ಫರೆನ್ಸ್ ಕೂಡ ಹೊರಗೆ ಹಾಕಿತು. ಕ್ಲಬ್ ಮುಚ್ಚಿತು.

ಆಮೇಲೆ ಆದದ್ದು ನನಗೆ ಇನ್ನೂ ಅರಗಿಲ್ಲ. ಖಾಲಿಯಾದ ನೀನ್ ಪಾರ್ಕಿಗೆ ಬಂದು ಕೂತದ್ದು ಬದ್ಧ ಎದುರಾಳಿ ಕೆಟರಿಂಗ್ ಟೌನ್! ಖರ್ಚು ತಾಳದೆ ಮುಂದಿನ ವರ್ಷವೇ ಅವರೂ ಗಂಟುಮೂಟೆ ಕಟ್ಟಿದರು. 2017ರಲ್ಲಿ ಮೈದಾನವನ್ನೇ ಕೆಡವಿದರು.

ಅಭಿಮಾನಿಗಳು ಮಾತ್ರ ಸುಮ್ನೆ ಕೂರಲಿಲ್ಲ. 2011ರಲ್ಲೇ ಎಎಫ್‌ಸಿ ರಷ್ಡನ್ ಅಂಡ್ ಡೈಮಂಡ್ಸ್ ಅಂತ ತಮ್ಮದೇ ಕ್ಲಬ್ ಕಟ್ಟಿದರು. ಮೊದಲ ವರ್ಷ ಹುಡುಗರ ತಂಡ ಮಾತ್ರ. 2012ರಲ್ಲಿ ಹಿರಿಯರ ತಂಡ ಯುನೈಟೆಡ್ ಕೌಂಟೀಸ್ ಲೀಗಿನಲ್ಲಿ ಆಟ ಶುರು ಮಾಡಿತು. ವಿಲೀನಕ್ಕೆ ಮುಂಚೆ ಇರ್ತ್ಲಿಂಗ್‌ಬರೊ ಡೈಮಂಡ್ಸ್ ಆಡುತ್ತಿದ್ದ ಲೀಗ್ ಅದು. ಸ್ವಂತ ಮೈದಾನವಿಲ್ಲದೆ ಪಕ್ಕದ ವೆಲಿಂಗ್‌ಬರೊದಲ್ಲಿ ಬಾಡಿಗೆಗಿದ್ದರು. 2017ರಲ್ಲಿ, ಅತ್ತ ನೀನ್ ಪಾರ್ಕ್ ನೆಲಸಮವಾದ ವರ್ಷವೇ, ಇತ್ತ ಇವರು ರಷ್ಡನ್ನಿನ ಹೇಡನ್ ರೋಡಿಗೆ ಬಂದರು. ಹಳೆಯ ರಷ್ಡನ್ ಟೌನ್ ಆಡುತ್ತಿದ್ದ ಮೈದಾನ.