ಬಾಂದೋಲಿನ ಮೂರ್ವೆದ್ರ್, ನಮ್ಮ ಮಾರ್ಚ್ ಬಿಸಿಲು

9 ಮಾರ್ಚ್ 2025, ಭಾನುವಾರ
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ

ಬೆಳಿಗ್ಗೆ ಬಿಸಿಲೇರುವ ಮೊದಲೇ ತೋಟಕ್ಕೆ ಹೋಗಿ, ಶಿರಾಜ್ ಎಂಬ ವೈನ್ ದ್ರಾಕ್ಷಿಯ ಸಾಲಿನ ಒಂದು ಹಣ್ಣನ್ನು ಹಿಸುಕಿ, ರಸದ ಸಿಹಿ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ರಸ ಬಿಟ್ಟೆ. ಸಕ್ಕರೆ 24 ಬ್ರಿಕ್ಸ್, ಅಂದರೆ ನೂರು ಗ್ರಾಂ ರಸದಲ್ಲಿ ಸುಮಾರು 24 ಗ್ರಾಂ ತೋರಿಸಿತು. ಬೀಜವನ್ನು ಕಡಿದು ನೋಡಿದರೆ ಇನ್ನೂ ಅರ್ಧ ಹಸಿರು. ಅದರ ಒಗರು ಚಹಾ ಕುಡಿದ ಮೇಲೂ ನಾಲಿಗೆ ಬಿಡಲಿಲ್ಲ. ಮಸಾರಿ ನೆಲದಲ್ಲಿ ವೈನ್ ದ್ರಾಕ್ಷಿ ಹಾಕಿದ ನಮ್ಮಂಥವರಿಗೆ ಈ ತಿಂಗಳಿನ ತಲೆನೋವು ಇದೇ: ಸಿಹಿ ಮುಂದೆ ಓಡುತ್ತದೆ, ಬೀಜ ಮತ್ತು ಸಿಪ್ಪೆ ಹಿಂದೆ ಉಳಿಯುತ್ತವೆ, ಅಷ್ಟರಲ್ಲಿ ಹುಳಿ ಇಳಿದುಹೋಗಿರುತ್ತದೆ.

ಮಧ್ಯಾಹ್ನ ಕರೆಂಟು ಬರುವವರೆಗೆ ಫ್ರಾನ್ಸಿನ ದಕ್ಷಿಣ ಕರಾವಳಿಯ ಬಾಂದೋಲ್ ಕುರಿತು ಓದುತ್ತ ಕುಳಿತೆ. ಮೆಡಿಟರೇನಿಯನ್ ಸಮುದ್ರಕ್ಕೆ ಮುಖ ಮಾಡಿದ ಗುಡ್ಡಗಳಲ್ಲಿ ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲು ಹೊಲಗಳು, ಅವುಗಳಲ್ಲಿ ಮೂರ್ವೆದ್ರ್ ಎಂಬ ಕಪ್ಪು ದ್ರಾಕ್ಷಿ. ಸ್ಪೇನಿನಲ್ಲಿ ಮೊನಾಸ್ತ್ರೆಲ್ ಎಂದು ಕರೆಯುವ ತಳಿಯೇ ಇದು. ದಪ್ಪ ಸಿಪ್ಪೆಯ, ಒಗರು ತುಂಬಿದ ಈ ಹಣ್ಣು ಚಿಗುರುವುದೂ ತಡ, ಮಾಗುವುದು ಇನ್ನೂ ತಡ. ತಂಪು ಪ್ರದೇಶದಲ್ಲಿ ನೆಟ್ಟರೆ ಮಾಗುವ ಮೊದಲೇ ಚಳಿ ಬಂದುಬಿಡುತ್ತದೆ.

ಈ ಬಳ್ಳಿಗೆ ತಲೆ ಬಿಸಿಲಲ್ಲಿರಬೇಕು, ಕಾಲು ನೀರಲ್ಲಿರಬೇಕು ಎಂದು ಅಲ್ಲಿಯವರು ಹೇಳುತ್ತಾರಂತೆ. ಓದಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಡ್ರಿಪ್ ಪೈಪು. ಅವರ ನೀರು ಅದಲ್ಲ. ಸುಣ್ಣಗಲ್ಲು ಬೆರೆತ ಜೇಡಿಮಣ್ಣು ಚಳಿಗಾಲದ ಮಳೆಯನ್ನು ಆಳದಲ್ಲಿ ಹಿಡಿದಿಟ್ಟು, ಬೇಸಿಗೆಯಲ್ಲಿ ಬೇರಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಕಡಲ ಕೆಲಸ ಬೇರೆ. ಬೇಸಿಗೆಯ ಮಧ್ಯಾಹ್ನ ಗಾಳಿ ಕಳಿಸಿ ಗೊನೆ ಬೇಯದಂತೆ ನೋಡಿಕೊಳ್ಳುವ ಅದೇ ನೀರು, ತಾನು ಕುಡಿದ ಕಾವನ್ನು ಸೆಪ್ಟೆಂಬರ್, ಅಕ್ಟೋಬರ್‌ವರೆಗೂ ಉಳಿಸಿಕೊಂಡು ರಾತ್ರಿಗಳು ಬೇಗ ತಣಿಯದಂತೆ ಮಾಡುತ್ತದೆ. ಉತ್ತರದಿಂದ ಬೀಸುವ ಮಿಸ್ತ್ರಾಲ್ ಎಂಬ ಒಣಗಾಳಿ ಗೊನೆಗಳ ತೇವ ಆರಿಸಿ ಬೂಷ್ಟನ್ನು ದೂರವಿಡುತ್ತದೆ.

ಇಷ್ಟೆಲ್ಲ ಅನುಕೂಲವಿದ್ದರೂ ಈ ತಳಿ ಅಲ್ಲಿಂದ ಬಹುಮಟ್ಟಿಗೆ ಮರೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಾಕ್ಸೆರಾ ಕೀಟ ಬೇರು ತಿಂದ ಮೇಲೆ ಆ ಕೀಟಕ್ಕೆ ಜಗ್ಗದ ಬೇರಿನ ಮೇಲೆ ಕಸಿ ಕಟ್ಟುವುದು ಅನಿವಾರ್ಯವಾಯಿತು, ಮೂರ್ವೆದ್ರ್ ಕಸಿಗೆ ಸುಲಭವಾಗಿ ಒಗ್ಗಲಿಲ್ಲ, ರೈತರು ಹೆಚ್ಚು ಇಳುವರಿಯ ತಳಿಗಳಿಗೆ ಹೋದರು. ಡೊಮೇನ್ ತಾಂಪಿಯೇ ತೋಟದ ಲೂಸಿಯೆನ್ ಪೇರೋ ಹಟ ಹಿಡಿದು ಅದನ್ನು ಮತ್ತೆ ನೆಡಿಸಿದವರಲ್ಲಿ ಮುಖ್ಯರು. 1941ರಲ್ಲಿ ಬಾಂದೋಲಿಗೆ ಪ್ರದೇಶದ ಹೆಸರಿನ ಕಾನೂನು ಮನ್ನಣೆ ಸಿಕ್ಕಿತು. ಇಂದು ಅಲ್ಲಿಯ ಕೆಂಪು ವೈನಿನಲ್ಲಿ ಕನಿಷ್ಠ ಅರ್ಧ ಭಾಗ ಮೂರ್ವೆದ್ರ್ ಇರಲೇಬೇಕು, ಅದನ್ನು ಮರದ ಪೀಪಾಯಿಯಲ್ಲಿ ಕನಿಷ್ಠ 18 ತಿಂಗಳು ಇಡಲೇಬೇಕು. ಅಷ್ಟು ಒಗರಿಗೆ ಆ ಅವಧಿ ನನಗೇನೂ ಹೆಚ್ಚೆನಿಸಲಿಲ್ಲ.

ಪುಸ್ತಕ ಮುಚ್ಚಿದ ಮೇಲೂ ತಲೆಯಲ್ಲಿ ಉಳಿದದ್ದು ಒಂದೇ. ಅವರ ಹಣ್ಣು ಇಳಿಯುವ ಕಾವಿನಲ್ಲಿ ಮಾಗುತ್ತದೆ, ನಮ್ಮದು ಏರುವ ಕಾವಿನಲ್ಲಿ. ನಮ್ಮ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ಅಕ್ಟೋಬರ್ ಚಾಟ್ನಿಯ, ಅಂದರೆ ಬಳ್ಳಿಯ ಕಡ್ಡಿ ಸವರುವ ಕೆಲಸದ, ಕತ್ತರಿ ಆಡಿದ ದಿನವೇ ಅದರ ಹಂಗಾಮು ಶುರು. ಹಾಗಾದರೆ ಚಾಟ್ನಿಯನ್ನು ಸೆಪ್ಟೆಂಬರ್ ಮೊದಲ ವಾರಕ್ಕೆ ತಂದರೆ ಜನವರಿಯ ತಂಪು ರಾತ್ರಿಗಳಲ್ಲಿ ಹಣ್ಣು ಮಾಗೀತು. ಹೂವಿನ ಹೊತ್ತಿಗೆ ಮಳೆ ಹಿಡಿದರೆ ಡೌನಿ ಎಂಬ ಬೂಷ್ಟು ರೋಗ ಗೊನೆಯನ್ನೇ ತಿನ್ನುತ್ತದೆ ಎಂದು ಅಣ್ಣ ಬೈದ; ಅವನ ಮಾತು ಸುಳ್ಳಲ್ಲ. ಕೊನೆಗೆ ಬದುವಿನ ಪಕ್ಕದ ಎರಡು ಸಾಲುಗಳನ್ನು ಮಾತ್ರ ಈ ವರ್ಷ ಬೇಗ ಕತ್ತರಿಸುವುದೆಂದು ಒಪ್ಪಿಕೊಂಡೆವು. ಸಂಜೆ ಹೋಗಿ ಆ ಸಾಲುಗಳ ಕಂಬಕ್ಕೆ ಕೆಂಪು ದಾರ ಕಟ್ಟಿ ಬಂದೆ.